ಟೇಪು ಉಳಿದರೆ ಸಾಲದು, ಯಂತ್ರವೂ ಉಳಿಯಬೇಕು

ನಿಮ್ಮ ಮನೆಯ ಬೀರುವಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಪುಸ್ತಕದಷ್ಟು ಗಾತ್ರದ ಒಂದು ಕಪ್ಪು ಪೆಟ್ಟಿಗೆ ಇರಬಹುದು. ಮೇಲೊಂದು ಮಾಸಿದ ಚೀಟಿ. ಅದರಲ್ಲಿ ‘ಮದುವೆ, ಭಾಗ 2’ ಎಂದೋ ‘ನಾಮಕರಣ, 1991’ ಎಂದೋ ಬರಹ. ಅದು ವಿಡಿಯೋ ಕ್ಯಾಸೆಟ್ ಎಂದು ನಿಮಗೆ ಗೊತ್ತು. ಅದರ ಅಂಚಿನ ಮುಚ್ಚಳವನ್ನು ಎತ್ತಿ ಒಳಗಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಿರೆಂದುಕೊಳ್ಳಿ. ಏನು ಕಾಣುತ್ತದೆ? ಸಿನಿಮಾ ರೀಲಿನಲ್ಲಾದರೆ ಸಣ್ಣ ಸಣ್ಣ ಚಿತ್ರಗಳು ಬರಿಗಣ್ಣಿಗೇ ಕಾಣುತ್ತವೆ. ಇಲ್ಲಿ ಕಾಣುವುದು ಹೊಳೆಯುವ ಕಂದುಗಪ್ಪು ರಿಬ್ಬನ್ ಮಾತ್ರ. ಅಜ್ಜಿಯ ಮುಖ, ಓಲಗದ ಸದ್ದು, ಚಪ್ಪರದ ಕೆಳಗೆ ಓಡಾಡುವ ಮಕ್ಕಳು, ಎಲ್ಲವೂ ಅದರಲ್ಲೇ ಇವೆ. ಆದರೆ ಅವು ಹೊರಬರಬೇಕಾದರೆ ಒಂದು ಯಂತ್ರ ಬೇಕು. ಆ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆಯೂ 2016ರಲ್ಲಿ ಕೆಲಸ ನಿಲ್ಲಿಸಿತು.

ಈ ಯಂತ್ರ ಹೇಗೆ ಹುಟ್ಟಿತು, ಮನೆಗಳಿಗೆ ಹೇಗೆ ಬಂತು, ಈಗ ಅದನ್ನು ಏಕೆ ಉಳಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ನೋಡೋಣ. ಸ್ವಲ್ಪ ಭೌತಶಾಸ್ತ್ರ ನಡುವೆ ಬರುತ್ತದೆ. ಹೆದರಬೇಡಿ, ಗುಣಾಕಾರ ಗೊತ್ತಿದ್ದರೆ ಸಾಕು.

ಗಾಳಿಗೆ ಹೋದ ಚಿತ್ರಗಳು

ದೂರದರ್ಶನದ ಆರಂಭದ ವರ್ಷಗಳಲ್ಲಿ ಕಾರ್ಯಕ್ರಮವೆಂದರೆ ನೇರ ಪ್ರಸಾರವೇ. ನಟರು ಕ್ಯಾಮೆರಾದ ಮುಂದೆ ಅಭಿನಯಿಸುತ್ತಿದ್ದ ಹೊತ್ತಿನಲ್ಲೇ ವೀಕ್ಷಕರು ಮನೆಯಲ್ಲಿ ನೋಡುತ್ತಿದ್ದರು. ನಾಟಕ ಮುಗಿದರೆ ಮುಗಿಯಿತು. ಉಳಿಸಿಕೊಳ್ಳಲೇಬೇಕೆಂದರೆ ಟೀವಿ ಪರದೆಯ ಎದುರಿಗೆ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸಬೇಕಿತ್ತು. ಅದಕ್ಕೆ ಫಿಲ್ಮು ಬೇಕು, ಅದನ್ನು ತೊಳೆಯಲು ಸಮಯ ಬೇಕು, ಚಿತ್ರವೂ ಮಸುಕು.

ಧ್ವನಿಯ ಮಟ್ಟಿಗೆ ಈ ತೊಡಕು ಆಗಲೇ ಬಗೆಹರಿದಿತ್ತು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಕಾಂತೀಯ ವಿಧಾನದಿಂದ ಧ್ವನಿ ಮುದ್ರಿಸಿ ತೋರಿಸಿದ್ದರು. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿದರು. 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ‘ಮ್ಯಾಗ್ನೆಟೋಫೋನ್’ ಎಂಬ ಟೇಪ್ ರೆಕಾರ್ಡರ್ ಜನರ ಮುಂದೆ ಬಂತು. ಹಾಗಾದರೆ ಅದೇ ಪಟ್ಟಿಯ ಮೇಲೆ ಚಿತ್ರವನ್ನೂ ಬರೆಯಬಾರದೇಕೆ?

ವೇಗದ ಲೆಕ್ಕ

ಒಂದು ಲೆಕ್ಕ ಮಾಡಿ ನೋಡಿ. ಹಾಡು ಕೇಳುವ ಆಡಿಯೋ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಆವೃತ್ತಿ 10,000 ಹರ್ಟ್ಸ್ ಇರುವ ಒಂದು ಸ್ವರವನ್ನು ಮುದ್ರಿಸಿದರೆ ಒಂದೊಂದು ಅಲೆಗೂ ಟೇಪಿನ ಮೇಲೆ 4.76 ಮೈಕ್ರಾನ್ ಜಾಗ ಸಿಗುತ್ತದೆ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಸೂತ್ರ. ಟೀವಿ ಚಿತ್ರದ ಸಂಕೇತ ಸುಮಾರು 50 ಲಕ್ಷ ಹರ್ಟ್ಸ್‌ವರೆಗೆ ಹೋಗುತ್ತದೆ. ಅಂದರೆ ಆ ಸ್ವರದ ಆವೃತ್ತಿಯ 500 ಪಟ್ಟು. ಪ್ರತಿ ಅಲೆಗೂ ಅಷ್ಟೇ ಜಾಗ ಕೊಡಬೇಕಾದರೆ ಟೇಪು ಸೆಕೆಂಡಿಗೆ 23.8 ಮೀಟರ್ ಓಡಬೇಕು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 86 ಕಿಲೋಮೀಟರ್ ಟೇಪು! ಬೆಂಗಳೂರಿನಲ್ಲಿ ಒಂದು ತುದಿ ಹಿಡಿದು ಮೈಸೂರಿನ ದಾರಿಯಲ್ಲಿ ಹೊರಟರೆ ಮದ್ದೂರಿನ ತನಕ ಎಳೆಯಬಹುದು.

ಕೆಲವರು ಈ ದಾರಿಯನ್ನೂ ಪ್ರಯತ್ನಿಸಿದರು. ಬ್ರಿಟನ್ನಿನ ಬಿ.ಬಿ.ಸಿ. 1958ರಲ್ಲಿ ವೀಕ್ಷಕರಿಗೆ ತೋರಿಸಿದ ‘ವೇರಾ’ ಎಂಬ ಯಂತ್ರದಲ್ಲಿ ಟೇಪು ಸೆಕೆಂಡಿಗೆ 5 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿತ್ತು. ದೈತ್ಯ ಗಾತ್ರದ ಸುರುಳಿಯೊಂದು ಹದಿನೈದೇ ನಿಮಿಷಕ್ಕೆ ಮುಗಿದುಹೋಗುತ್ತಿತ್ತು.

ಅಷ್ಟರಲ್ಲೇ ಅಮೆರಿಕದ ಆಂಪೆಕ್ಸ್ ಕಂಪನಿಯ ಚಿಕ್ಕ ತಂಡವೊಂದು ಬೇರೆ ದಾರಿ ಕಂಡುಕೊಂಡಿತ್ತು. ಟೇಪನ್ನು ವೇಗವಾಗಿ ಓಡಿಸುವ ಬದಲು ಬರೆಯುವ ಹೆಡ್ಡನ್ನೇ ಏಕೆ ತಿರುಗಿಸಬಾರದು? ಎರಡು ಅಂಗುಲ ಅಗಲದ ಟೇಪು ಸೆಕೆಂಡಿಗೆ 15 ಅಂಗುಲದಷ್ಟು ನಿಧಾನವಾಗಿ ಸಾಗುತ್ತದೆ. ನಾಲ್ಕು ಹೆಡ್ಡುಗಳಿರುವ ಚಕ್ರವೊಂದು ನಿಮಿಷಕ್ಕೆ 14,400 ಸುತ್ತು ತಿರುಗುತ್ತ ಟೇಪಿನ ಅಡ್ಡಡ್ಡಲಾಗಿ ಗೆರೆ ಎಳೆಯುತ್ತದೆ. ಚಾರ್ಲ್ಸ್ ಗಿನ್ಸ್‌ಬರ್ಗ್ ಈ ತಂಡದ ಮುಖ್ಯಸ್ಥರು. ಮುಂದೆ ಧ್ವನಿ ತಂತ್ರಜ್ಞಾನದಲ್ಲಿ ಹೆಸರಾದ ರೇ ಡಾಲ್ಬಿ ತಂಡದಲ್ಲಿದ್ದರು. ಅವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು, ನಿಮಗಿಂತ ಹೆಚ್ಚು ದೊಡ್ಡವರೇನಲ್ಲ. 1956ರ ಏಪ್ರಿಲ್ 14ರಂದು ಷಿಕಾಗೋದಲ್ಲಿ ಈ ಯಂತ್ರದ ಪ್ರದರ್ಶನವಾಯಿತು. ಅದೇ ವರ್ಷ ನವೆಂಬರ್ 30ರಂದು ಸಿ.ಬಿ.ಎಸ್. ಸಂಸ್ಥೆ ಟೇಪಿನ ಮೇಲೆ ಮುದ್ರಿಸಿಕೊಂಡ ವಾರ್ತೆಯನ್ನು ಪ್ರಸಾರ ಮಾಡಿತು. ಯಂತ್ರದ ಬೆಲೆ ಸುಮಾರು 50 ಸಾವಿರ ಡಾಲರ್. ಅಷ್ಟು ಹಣ ಕೊಟ್ಟು ಕೊಳ್ಳಬಲ್ಲವರು ಟೀವಿ ಸಂಸ್ಥೆಗಳು ಮಾತ್ರ.

ಮನೆಗೆ ಬಂದ ಯಂತ್ರ

ಮುಂದಿನ ಹೆಜ್ಜೆ ಇದಕ್ಕಿಂತ ಸರಳ. ಟೇಪನ್ನು ಒಂದು ಉರುಳೆಯ ಸುತ್ತ ಓರೆಯಾಗಿ ಸುತ್ತಿದರೆ, ಉರುಳೆಯ ಮೇಲಿನ ಹೆಡ್ಡು ಟೇಪಿನ ಮೇಲೆ ಉದ್ದನೆಯ ಓರೆ ಗೆರೆಗಳನ್ನು ಎಳೆಯುತ್ತದೆ. ಒಂದು ಗೆರೆಯಲ್ಲಿ ಚಿತ್ರದ ಒಂದು ಕ್ಷೇತ್ರ ಪೂರ್ತಿಯಾಗಿ ಹಿಡಿಯುತ್ತದೆ. ಜಪಾನಿನ ಎಂಜಿನಿಯರರು ಈ ವಿಧಾನವನ್ನು ಪಳಗಿಸಿ ಯಂತ್ರವನ್ನು ಚಿಕ್ಕದು ಮಾಡಿದರು. 1971ರಲ್ಲಿ ಸೋನಿ ಕಂಪನಿಯ ‘ಯು-ಮ್ಯಾಟಿಕ್’ ಬಂತು. ಅದರಲ್ಲಿ ಟೇಪು ಕ್ಯಾಸೆಟ್ಟಿನೊಳಗೇ ಇತ್ತು. 1975ರಲ್ಲಿ ಮನೆಬಳಕೆಗೆಂದೇ ‘ಬೀಟಾಮ್ಯಾಕ್ಸ್’ ಬಂತು; ಮೊದಮೊದಲು ಅದರಲ್ಲಿ ಒಂದು ಗಂಟೆಯಷ್ಟೇ ಮುದ್ರಿಸಬಹುದಿತ್ತು. 1976ರಲ್ಲಿ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಯಂತ್ರವನ್ನು ಹೊರತಂದಿತು. ಷಿಜುವೊ ತಕಾನೊ ಮತ್ತು ಯೂಮಾ ಷಿರೈಷಿ ಅದರ ಹಿಂದಿದ್ದ ಎಂಜಿನಿಯರರು. ಅದರ ಕ್ಯಾಸೆಟ್ಟಿನಲ್ಲಿ ಎರಡು ಗಂಟೆ ಮುದ್ರಿಸಬಹುದಿತ್ತು, ಅಂದರೆ ಒಂದು ಸಿನಿಮಾ ಹಿಡಿಸಬಹುದಿತ್ತು. ವಿ.ಎಚ್.ಎಸ್. ಗೆಲ್ಲಲು ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿ.ಎಚ್.ಎಸ್. ಯಂತ್ರವನ್ನೇ ತೆಗೆದುಕೊಳ್ಳಿ. ಉರುಳೆಯ ವ್ಯಾಸ 62 ಮಿಲಿಮೀಟರ್. ಸೆಕೆಂಡಿಗೆ 25 ಸುತ್ತು. ಪರಿಧಿಯನ್ನು 25ರಿಂದ ಗುಣಿಸಿ. ಹೆಡ್ಡಿನ ವೇಗ ಸೆಕೆಂಡಿಗೆ ಸುಮಾರು 4.87 ಮೀಟರ್ ಎಂದು ಬರುತ್ತದೆ. ಟೇಪು ಓಡುವುದು ಸೆಕೆಂಡಿಗೆ 2.34 ಸೆಂಟಿಮೀಟರ್ ಮಾತ್ರ, ಆಡಿಯೋ ಕ್ಯಾಸೆಟ್ಟಿನ ಅರ್ಧ ವೇಗ. ಹಾಗಾಗಿ ಮೂರು ಗಂಟೆಯ ಚಿತ್ರಕ್ಕೆ ಸುಮಾರು 250 ಮೀಟರ್ ಟೇಪು ಸಾಕು. ಎಂಬತ್ತಾರು ಕಿಲೋಮೀಟರಿನಿಂದ ಇಲ್ಲಿಗೆ ಇಳಿದದ್ದನ್ನು ನೋಡಿ! ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಅಕ್ಕಪಕ್ಕದ ಗೆರೆಗಳು ಒಂದಕ್ಕೊಂದು ಬೆರೆಯದಿರಲೆಂದು ಎರಡು ಹೆಡ್ಡುಗಳನ್ನು ಆರಾರು ಡಿಗ್ರಿ ವಿರುದ್ಧ ದಿಕ್ಕಿಗೆ ಓರೆ ಮಾಡಿರುತ್ತಾರೆ. ಇಷ್ಟು ನಾಜೂಕಿನ ಯಂತ್ರ ಮಧ್ಯಮ ವರ್ಗದ ಮನೆಯ ಟೀವಿ ಸ್ಟ್ಯಾಂಡಿನ ಕೆಳಗೆ ಬಂದು ಕುಳಿತದ್ದು ಇಪ್ಪತ್ತನೆಯ ಶತಮಾನದ ಒಂದು ವಿಸ್ಮಯ.

ಯಂತ್ರದ ಜೊತೆಗೆ ತಕರಾರೂ ಬಂತು. ಪ್ರಸಾರವಾಗುವ ಸಿನಿಮಾವನ್ನು ಮನೆಯಲ್ಲಿ ಮುದ್ರಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಅಮೆರಿಕದ ಚಿತ್ರ ಸಂಸ್ಥೆಗಳು ಸೋನಿಯ ಮೇಲೆ ಮೊಕದ್ದಮೆ ಹೂಡಿದವು. 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ಬೇರೆ ಹೊತ್ತಿನಲ್ಲಿ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದು ತೀರ್ಪಿತ್ತಿತು. ಅಲ್ಲಿಯವರೆಗೆ ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುತ್ತಿದ್ದವರು ಪ್ರಸಾರಕರು. ಈಗ ಆ ತೀರ್ಮಾನದಲ್ಲಿ ವೀಕ್ಷಕರಿಗೂ ಪಾಲು ಬಂತು.

ನಮ್ಮ ನಾಡಿನಲ್ಲಿ

1975ರ ಆಗಸ್ಟಿನಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆದಾಗ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟೀವಿ ಬಂತು. ದೇಶದ ಆರು ರಾಜ್ಯಗಳ ಒಟ್ಟು 2,400 ಹಳ್ಳಿಗಳಲ್ಲಿ ಇವೂ ಸೇರಿದ್ದವು. ಜನ ಒಟ್ಟಿಗೆ ಕುಳಿತು ನೋಡಿದರು. ನೋಡಿದ್ದನ್ನು ಇಟ್ಟುಕೊಳ್ಳುವ ಸಾಧನ ಅವರ ಬಳಿ ಇರಲಿಲ್ಲ.

1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾಯಿತು. ಆ ದಶಕದಲ್ಲೇ ವಿ.ಸಿ.ಆರ್. ಕೂಡ ಹರಡಿತು. ಕೊಳ್ಳಲಾಗದವರು ಟೀವಿಯನ್ನೂ ವಿ.ಸಿ.ಪಿ.ಯನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೀದಿಯವರನ್ನೆಲ್ಲ ಕೂರಿಸಿಕೊಂಡು ಬೆಳಗಿನ ತನಕ ಮೂರು ಸಿನಿಮಾ ನೋಡುತ್ತಿದ್ದರು. ಊರೂರಿಗೂ ವಿಡಿಯೋ ಲೈಬ್ರರಿ ಬಂತು. ರಾತ್ರಿ ಬಸ್ಸಿನ ಮೇಲೆ ‘ವಿಡಿಯೋ ಕೋಚ್’ ಎಂಬ ಬರಹ ಬಂತು. ಮದುವೆ ಮನೆಯಲ್ಲಿ ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ, ಅವನ ಹಿಂದೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವನು. ಅಮೆರಿಕದಲ್ಲಿದ್ದ ಮಗನಿಗೆ ತಂಗಿಯ ಮದುವೆಯ ಕ್ಯಾಸೆಟ್ ಕಳಿಸಿದರೆ ಅಲ್ಲಿನ ಯಂತ್ರದಲ್ಲಿ ಅದು ಓಡುತ್ತಿರಲಿಲ್ಲ. ಏಕೆಂದರೆ ಅಲ್ಲಿಯದು ಎನ್.ಟಿ.ಎಸ್.ಸಿ. ಪದ್ಧತಿ. ಹಣ ತೆತ್ತು ಪದ್ಧತಿ ಬದಲಿಸಿಕೊಳ್ಳಬೇಕಿತ್ತು.

ಮದುವೆಯಷ್ಟೇ ಅಲ್ಲ, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಹವ್ಯಾಸಿ ನಾಟಕ, ರಾತ್ರಿಯಿಡೀ ನಡೆದ ಯಕ್ಷಗಾನದ ಆಟ ಇವೆಲ್ಲವೂ ಹೀಗೆ ಟೇಪಿಗೆ ಇಳಿದವು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಅಂಥ ಕಲಾವಿದರು ಒಂದೇ ಪಾತ್ರವನ್ನು ಒಂದೊಂದು ರಾತ್ರಿ ಒಂದೊಂದು ಬಗೆಯಲ್ಲಿ ಕಾಣಿಸುತ್ತಾರೆ. ಆ ರಾತ್ರಿ ಆ ಗದ್ದೆಯಲ್ಲಿ ಕುಣಿದದ್ದು ಯಾರೋ ಒಬ್ಬ ಅಭಿಮಾನಿಯ ಕ್ಯಾಸೆಟ್ಟಿನಲ್ಲಿದ್ದರೆ ಜಗತ್ತಿನಲ್ಲಿ ಅದಿರುವುದು ಅಲ್ಲಿ ಮಾತ್ರ. ಯಾವ ಸಂಗ್ರಹಾಲಯದಲ್ಲೂ ಅದರ ಪ್ರತಿ ಸಿಗದು.

ಅಳಿಸಿದವರು, ಉಳಿಸಿದವರು

ದೊಡ್ಡ ಸಂಸ್ಥೆಗಳು ಎಲ್ಲವನ್ನೂ ಕಾಪಾಡಿರುತ್ತವೆ, ಮನೆಯ ಕ್ಯಾಸೆಟ್ಟಿಗೇನು ಬೆಲೆ ಎಂದು ನೀವು ಕೇಳಬಹುದು. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದು. ಹಾಗಾಗಿ ಜಗತ್ತಿನ ಟೀವಿ ಸಂಸ್ಥೆಗಳು ಹಳೆಯದರ ಮೇಲೆ ಹೊಸದನ್ನು ಮುದ್ರಿಸಿದವು. ಬಿ.ಬಿ.ಸಿ.ಯ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ 1960ರ ದಶಕದ ಹಲವು ಕಂತುಗಳು ಹೀಗೆ ಹೋದವು. ಆದರೆ ಕಳೆದುಹೋದ ಎಲ್ಲ ಕಂತುಗಳ ಧ್ವನಿಯೂ ಇಂದು ಉಳಿದಿದೆ. ಏಕೆ ಗೊತ್ತೆ? ಆಗಿನ ವೀಕ್ಷಕರು ಮನೆಯ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಮುದ್ರಿಸಿಕೊಂಡಿದ್ದರು. ವಿದೇಶಕ್ಕೆ ಮಾರಿದ್ದ ಪ್ರತಿಗಳಲ್ಲಿ ಒಂಬತ್ತು ಕಂತುಗಳು ನೈಜೀರಿಯಾದಲ್ಲಿ ಸಿಕ್ಕಿವೆಯೆಂದು 2013ರಲ್ಲಿ ಪ್ರಕಟವಾಯಿತು.

ಅಮೆರಿಕದಲ್ಲಿ 1967ರ ಜನವರಿಯಲ್ಲಿ ನಡೆದ ಮೊದಲ ‘ಸೂಪರ್ ಬೌಲ್’ ಫುಟ್‌ಬಾಲ್ ಪಂದ್ಯವನ್ನು ಎರಡು ದೊಡ್ಡ ಜಾಲಗಳು ಪ್ರಸಾರ ಮಾಡಿದವು. ಎರಡರ ಬಳಿಯೂ ಟೇಪು ಉಳಿಯಲಿಲ್ಲ. ದಶಕಗಳ ನಂತರ ಪೆನ್ಸಿಲ್ವೇನಿಯಾದ ಒಂದು ಮನೆಯ ಅಟ್ಟದಲ್ಲಿ ಎರಡಂಗುಲದ ಟೇಪು ಸಿಕ್ಕಿತು. ವಿಜ್ಞಾನದ ವಿದ್ಯಾರ್ಥಿಗಳು ಕೇಳಿ ನೊಂದುಕೊಳ್ಳುವ ಇನ್ನೊಂದು ಸಂಗತಿಯಿದೆ. 1969ರ ಜುಲೈಯಲ್ಲಿ ಅಪೋಲೋ 11 ಚಂದ್ರನಿಂದ ಕಳಿಸಿದ ಚಿತ್ರಸಂಕೇತವನ್ನು ಭೂಮಿಯ ಕೇಂದ್ರಗಳು ಮೂಲರೂಪದಲ್ಲೇ ಟೇಪಿನ ಮೇಲೆ ಹಿಡಿದಿಟ್ಟಿದ್ದವು. ಜನ ನೋಡಿದ್ದು ಅದನ್ನು ಟೀವಿಗೆ ಹೊಂದುವಂತೆ ಮಾರ್ಪಡಿಸಿದ, ಗುಣಮಟ್ಟ ಇಳಿದ ಚಿತ್ರ. ಮೂಲ ಟೇಪುಗಳಿಗಾಗಿ ವರ್ಷಗಟ್ಟಲೆ ಹುಡುಕಿದ ನಾಸಾ, ಅವನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗಿದೆ ಎಂದು 2009ರಲ್ಲಿ ತಿಳಿಸಿತು. ಟೀವಿ ಸಂಸ್ಥೆಗಳ ಬಳಿ ಉಳಿದಿದ್ದ ಪ್ರತಿಗಳನ್ನೇ ಒಪ್ಪ ಮಾಡಿ ಸಮಾಧಾನಪಟ್ಟುಕೊಳ್ಳಬೇಕಾಯಿತು.

ಇದಕ್ಕೆ ಎದುರಾಗಿ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆಯನ್ನು ನೆನೆಯಿರಿ. ಹಿಂದೆ ಗ್ರಂಥಪಾಲಕಿಯಾಗಿದ್ದ ಅವರು 1979ರಿಂದ 2012ರಲ್ಲಿ ಸಾಯುವ ತನಕ ಮನೆಯಲ್ಲಿ ಹಲವು ಯಂತ್ರಗಳನ್ನಿಟ್ಟುಕೊಂಡು ಹಗಲಿರುಳೂ ಟೀವಿ ವಾರ್ತೆ ಮುದ್ರಿಸಿದರು. ಸುಮಾರು 70 ಸಾವಿರ ಕ್ಯಾಸೆಟ್ಟುಗಳು! ಈಗ ಅವು ‘ಇಂಟರ್ನೆಟ್ ಆರ್ಕೈವ್’ ಸಂಸ್ಥೆಯಲ್ಲಿವೆ.

ಓದಲಾಗದ ಗ್ರಂಥ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಕಂಡು 1909ರಲ್ಲಿ ಪ್ರಕಟಿಸಿದ್ದನ್ನು ನೀವು ಓದಿರುತ್ತೀರಿ. ಗರಿ ಅವರ ಕೈಗೆ ಬಂದಾಗ ಬೇಕಾದದ್ದು ಬೆಳಕು, ಕಣ್ಣು ಮತ್ತು ಗ್ರಂಥಲಿಪಿಯ ಜ್ಞಾನ. ಟೇಪಿನ ವಿಷಯ ಹಾಗಲ್ಲ.

ಇಂಗ್ಲೆಂಡಿನಲ್ಲಿ 1086ರಲ್ಲಿ ಸಿದ್ಧವಾದ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯ ಪುಸ್ತಕವಿದೆ. ಅದರ 900ನೆಯ ವರ್ಷಕ್ಕೆಂದು 1986ರಲ್ಲಿ ಬಿ.ಬಿ.ಸಿ. ಹೊಸ ಡೂಮ್ಸ್‌ಡೇ ಯೋಜನೆ ಕೈಗೊಂಡಿತು. ಶಾಲಾ ಮಕ್ಕಳೂ ಸೇರಿ ಲಕ್ಷಾಂತರ ಜನ ತಮ್ಮ ಊರಿನ ವಿವರ, ಚಿತ್ರಗಳನ್ನು ಕಳಿಸಿದರು. ಎಲ್ಲವನ್ನೂ ಲೇಸರ್ ಡಿಸ್ಕಿನಲ್ಲಿ ತುಂಬಿದರು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾದವು. ಒಂಬೈನೂರು ವರ್ಷದ ಚರ್ಮದ ಹಾಳೆಗಳನ್ನು ಆಗಲೂ ಓದಬಹುದಿತ್ತು. ಹದಿನಾರು ವರ್ಷದ ಡಿಸ್ಕನ್ನು ಓದುವುದು ಕಷ್ಟವಾಗಿತ್ತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಅದನ್ನು ಹೊರತೆಗೆಯುವ ದಾರಿ ಮಾಡಿದರು. ಕೆಲಸ ಮಾಡುವ ಹಳೆಯ ಯಂತ್ರ ಅವರಿಗೆ ಸಿಕ್ಕದಿದ್ದರೆ ಇದು ಆಗುತ್ತಿರಲಿಲ್ಲ.

ಯಂತ್ರದ ಆಯುಷ್ಯ, ಟೇಪಿನ ಆಯುಷ್ಯ

ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಅಮೆರಿಕದಲ್ಲಿ 2020ರಲ್ಲಿ ಗ್ರಾಮಫೋನ್ ತಟ್ಟೆಗಳ ಮಾರಾಟದ ಮೊತ್ತ ಸಿ.ಡಿ.ಗಳದ್ದನ್ನು ಮೀರಿತು. ಆದರೆ ಸೂಜಿ, ತಿರುಗುವ ತಟ್ಟೆ ಮಾಡಿದಷ್ಟು ಸುಲಭವಾಗಿ ವಿಡಿಯೋ ಉರುಳೆಯನ್ನು ಮಾಡಲಾಗದು. ಸೋನಿ 2002ರಲ್ಲಿ ಬೀಟಾಮ್ಯಾಕ್ಸ್ ಯಂತ್ರ ನಿಲ್ಲಿಸಿತು. 2016ರ ಮಾರ್ಚಿನಲ್ಲಿ ಕ್ಯಾಸೆಟ್ಟನ್ನೂ ನಿಲ್ಲಿಸಿತು. ಅದೇ ವರ್ಷ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಎಚ್.ಎಸ್. ಯಂತ್ರದ ತಯಾರಿಕೆ ಮುಗಿಸಿತು. ಅಂದಿನಿಂದ ಕೆಟ್ಟ ಯಂತ್ರಕ್ಕೆ ಬಿಡಿಭಾಗ ಸಿಗುವುದು ಮುಖ್ಯವಾಗಿ ಇನ್ನೊಂದು ಕೆಟ್ಟ ಯಂತ್ರದಿಂದ.

ಬಳಸದೆ ಇಟ್ಟರೂ ಯಂತ್ರ ಕೆಡುತ್ತದೆ. ರಬ್ಬರ್ ಬೆಲ್ಟು ಸಡಿಲವಾಗುತ್ತದೆ ಅಥವಾ ಕರಗಿ ಅಂಟಾಗುತ್ತದೆ. ಟೇಪನ್ನು ಎಳೆಯುವ ರಬ್ಬರ್ ಉರುಳೆ ಗಟ್ಟಿಯಾಗುತ್ತದೆ. ಗ್ರೀಸು ಒಣಗುತ್ತದೆ. ಕೆಪಾಸಿಟರುಗಳು ಸೋರುತ್ತವೆ. ಆದ್ದರಿಂದ ಆಗಾಗ ಓಡಿಸುತ್ತಿದ್ದ ಯಂತ್ರವೇ ಹೆಚ್ಚು ಕಾಲ ಬಾಳುತ್ತದೆ.

ಟೇಪಿನ ಆಧಾರ ಪಾಲಿಯೆಸ್ಟರ್. ಅದರ ಮೇಲೆ ಕಾಂತೀಯ ಕಣಗಳನ್ನು ಹಿಡಿದಿಟ್ಟ ಅಂಟು. ತೇವದಿಂದ ಕೆಲವು ಟೇಪುಗಳ ಅಂಟು ಸಡಿಲವಾಗಿ ಕಣಗಳು ಉದುರುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬೇಡಿ. ಹೆಡ್ಡು ಕೆಡುತ್ತದೆ, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಬೂಷ್ಟು ಹತ್ತುತ್ತದೆ. ಕಾಂತೀಯ ಟೇಪುಗಳನ್ನು 2025ರೊಳಗೆ ಡಿಜಿಟಲ್ ರೂಪಕ್ಕೆ ತರದಿದ್ದರೆ ಬಹಳಷ್ಟು ಕೈತಪ್ಪುತ್ತವೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು. ಆ ಗಡುವು ಬಂದಾಗಿದೆ. ಅಂದಮಾತ್ರಕ್ಕೆ ನಿಮ್ಮ ಮನೆಯ ಟೇಪು ಸತ್ತಿದೆ ಎಂದಲ್ಲ. ಚೆನ್ನಾಗಿಟ್ಟ ಹಳೆಯ ಕ್ಯಾಸೆಟ್ಟುಗಳು ಇಂದಿಗೂ ಓಡುತ್ತವೆ.

‘ಡಿಜಿಟಲ್ ಮಾಡಿದ ಮೇಲೆ ಟೇಪು, ಯಂತ್ರ ಎರಡನ್ನೂ ಗುಜರಿಗೆ ಹಾಕಬಹುದಲ್ಲ?’ ಎನ್ನುವವರಿದ್ದಾರೆ. ಬೇಡ. ಪೆನ್ ಡ್ರೈವು, ಹಾರ್ಡ್ ಡಿಸ್ಕುಗಳೂ ಕೆಡುತ್ತವೆ. ಮೊದಲ ಬಾರಿ ಮಾಡಿದ ಪ್ರತಿ ಅವಸರದ್ದಾಗಿರಬಹುದು. ಹೆಡ್ಡಿನಿಂದ ಬರುವ ಮೂಲಸಂಕೇತವನ್ನೇ ನೇರವಾಗಿ ಹಿಡಿದು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ವಿಧಾನವನ್ನು ಹವ್ಯಾಸಿಗಳು ಈಚೆಗೆ ರೂಪಿಸಿದ್ದಾರೆ. ಮುಂದೆ ಇನ್ನೂ ಉತ್ತಮ ವಿಧಾನ ಬರಬಹುದು. ಯಾವುದು ಬಂದರೂ ಅದಕ್ಕೆ ಮೂಲ ಟೇಪೂ ಬೇಕು, ತಿರುಗುವ ಹೆಡ್ಡೂ ಬೇಕು.

ನೀವು ಮಾಡಬಹುದಾದದ್ದು

ಮೊದಲು ಮನೆಯಲ್ಲಿರುವ ಕ್ಯಾಸೆಟ್ಟುಗಳ ಪಟ್ಟಿ ಮಾಡಿ. ಯಾರ ಮದುವೆ, ಯಾವ ಊರು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆಯಿರಿ. ಅಜ್ಜ ಇದ್ದಾಗ ಐದು ನಿಮಿಷದಲ್ಲಿ ತಿಳಿಯುವುದು, ಆಮೇಲೆ ಎಷ್ಟು ಹುಡುಕಿದರೂ ತಿಳಿಯದು. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಣುಕು ಇದ್ದರೆ ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ಮರೆತು ಮುದ್ರಿಸಲಾರರು. ಟೇಪನ್ನು ಪೂರ್ತಿ ಒಂದೇ ಕಡೆಗೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ. ಜಾಗ ಒಣಗಿರಲಿ, ತಂಪಾಗಿರಲಿ. ಸ್ಪೀಕರಿನ ಪಕ್ಕ ಬೇಡ.

ಯಂತ್ರವಿದ್ದರೆ ಮೊದಲು ಬೆಲೆಯಿಲ್ಲದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಟೇಪು ತಿನ್ನುವ ಯಂತ್ರಕ್ಕೆ ಮದುವೆಯ ಕ್ಯಾಸೆಟ್ ಕೊಡಬೇಡಿ. ವಿದೇಶದಿಂದ ಬಂದ ಯಂತ್ರವಾದರೆ ಅದು 110 ವೋಲ್ಟಿನದೇ ಎಂದು ನೋಡಿಕೊಳ್ಳಿ. ಹೆಡ್ಡಿಗೆ ಕೊಳೆ ಹಿಡಿದರೆ ಚಿತ್ರ ತುಂತುರಾಗುತ್ತದೆ. ಪ್ಲಗ್ ತೆಗೆದು, ನಾರು ಬಿಡದ ಕಾಗದವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿ ಉರುಳೆಗೆ ಮೆಲ್ಲಗೆ ಆನಿಸಿ, ಉರುಳೆಯನ್ನು ಕೈಯಿಂದ ತಿರುಗಿಸಬೇಕು. ಮೇಲಿಂದ ಕೆಳಕ್ಕೆ ಒರೆಸಿದರೆ ಹೆಡ್ಡು ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಕೂಡದು. ಕರೆಂಟಿನ ಭಾಗಕ್ಕೆ ಮಾತ್ರ ನೀವಾಗಿ ಕೈ ಹಾಕಬೇಡಿ. ಹಳೆಯ ಟೀವಿಯ ಪಿಕ್ಚರ್ ಟ್ಯೂಬಿನಲ್ಲಿ, ಸ್ವಿಚ್ ತೆಗೆದ ಮೇಲೂ, ಅಪಾಯಕಾರಿ ವಿದ್ಯುದಾವೇಶ ಉಳಿದಿರುತ್ತದೆ.

ನಿಮ್ಮ ಊರಿನಲ್ಲಿ ಟೀವಿ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಇದ್ದಾರು. ಅವರ ಬಳಿ ಹೋಗಿ ಕುಳಿತುಕೊಳ್ಳಿ. ಬೆಲ್ಟು ಬದಲಿಸುವುದು ಹೇಗೆ, ಟೇಪಿನ ದಾರಿ ಸರಿಪಡಿಸುವುದು ಹೇಗೆ ಎಂಬುದು ಅವರ ಕೈಯಲ್ಲಿದೆ. ಪುಸ್ತಕದಲ್ಲಿ ಓದಿ ಅದು ಬರುವುದಿಲ್ಲ. ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದವರೂ ಇತಿಹಾಸ ವಿಭಾಗದವರೂ ಸೇರಿ ಒಂದು ಯಂತ್ರವನ್ನು ದುರಸ್ತಿ ಮಾಡಿ ಇಟ್ಟರೆ ಇಡೀ ಊರಿನ ಕ್ಯಾಸೆಟ್ಟುಗಳಿಗೆ ಅದು ಸಾಕು. ಪ್ರತಿ ವರ್ಷ ಅಕ್ಟೋಬರ್ 27ನ್ನು ಯುನೆಸ್ಕೋ ಶ್ರವ್ಯ-ದೃಶ್ಯ ಪರಂಪರೆಯ ದಿನವೆಂದು ಆಚರಿಸುತ್ತದೆ. ಈ ವರ್ಷ ಆ ದಿನ ನಿಮ್ಮ ಕಾಲೇಜಿನಲ್ಲಿ ಭಾಷಣದ ಬದಲು, ಊರಿನವರು ತಂದುಕೊಟ್ಟ ಒಂದು ಹಳೆಯ ಟೇಪನ್ನು ಓಡಿಸಿ ಎಲ್ಲರಿಗೂ ತೋರಿಸಿ. ಪರದೆಯ ಮೇಲೆ ಕಾಣುವವರ ಹೆಸರುಗಳನ್ನು ಹೇಳಬಲ್ಲವರು ಅಲ್ಲೇ ಕುಳಿತಿರುತ್ತಾರೆ. ಹೇಳಿದ್ದನ್ನು ಬರೆದುಕೊಳ್ಳಲು ಕೈಯಲ್ಲೊಂದು ನೋಟ್‌ಬುಕ್ ಇರಲಿ.